ಸಂಘದ ಟ್ರಂಕಿನಲ್ಲಿ ಪುಸ್ತಕ

(ತಾಲ್ಲೂಕಿನ ಸ್ವಸಹಾಯ ಗುಂಪುಗಳ ಒಕ್ಕೂಟದ ವಾರ್ಷಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ಮೈಕಿನ ಮುಂದೆ ನಿಂತು ಮಾತಾಡಿ ನನಗೆ ಅಭ್ಯಾಸವಿಲ್ಲ. ಇಪ್ಪತ್ತೆಂಟು ವರ್ಷ ಅಂಗನವಾಡಿಯಲ್ಲಿ ಮಕ್ಕಳ ಜೊತೆ ಚಾಪೆ ಮೇಲೆ ಕೂತು ಮಾತಾಡಿದವಳು ನಾನು. ನಿವೃತ್ತಿಯಾದ ಮೇಲೂ ಊರಲ್ಲಿ ಎಲ್ಲರೂ ಟೀಚರ್ ಎಂದೇ ಕರೆಯುತ್ತಾರೆ. ಆದ್ದರಿಂದ ಇವತ್ತು ಸಂಘಟಕರು 'ಈಚಿನ ಪುಸ್ತಕಗಳು ಮತ್ತು ಮಹಿಳೆ' ಎಂಬ ದೊಡ್ಡ ವಿಷಯ ಕೊಟ್ಟಾಗ ಹೆದರಿಕೆಯಾಯಿತು. ವಿಮರ್ಶೆ ಮಾಡುವಷ್ಟು ಓದಿಕೊಂಡವಳಲ್ಲ. ನಮ್ಮ ಸಂಘದ ಟ್ರಂಕಿನಲ್ಲಿ ಯಾವ ಯಾವ ಪುಸ್ತಕಗಳು ಬಂದು ಹೋದವು, ಅವನ್ನು ಓದಿದ ದಿನ ಏನೇನಾಯಿತು, ಅಷ್ಟನ್ನು ಹೇಳುತ್ತೇನೆ.

ಟ್ರಂಕು ಎಂದರೆ ನಿಮಗೆಲ್ಲ ಗೊತ್ತು. ಪಾಸ್‌ಬುಕ್ಕು, ನಡಾವಳಿ ಪುಸ್ತಕ, ಸಾಲದ ರಿಜಿಸ್ಟರು, ರಬ್ಬರ್ ಸ್ಟಾಂಪು, ಸ್ಟಾಂಪ್ ಪ್ಯಾಡು. ನಮ್ಮದು ಹದಿನಾಲ್ಕು ಜನರ ಸಂಘ. ಶುಕ್ರವಾರ ಸಂಜೆ ಉಳಿತಾಯ ಕಟ್ಟುವುದಕ್ಕೆ ಅರ್ಧ ಗಂಟೆ ಸಾಕು. ಉಳಿದ ಹೊತ್ತು ಊರಿನ ಸುದ್ದಿ. ಯಾರ ಸೊಸೆ ಏನಂದಳು, ಯಾರ ಮಗಳು ತವರಿಗೆ ಬಂದು ಎಷ್ಟು ದಿನವಾಯಿತು, ಇಷ್ಟೇ. ನಮ್ಮ ಪಂಚಾಯಿತಿಯ ಗ್ರಂಥಾಲಯವನ್ನು ಈಗ ಅರಿವು ಕೇಂದ್ರ ಎನ್ನುತ್ತಾರೆ. ಕಟ್ಟಡ ಚೆನ್ನಾಗಿದೆ, ಪುಸ್ತಕಗಳೂ ಇವೆ. ಆದರೆ ಹೊರಗಿನ ಕಟ್ಟೆಯ ಮೇಲೆ ಗಂಡಸರು ಪೇಪರ್ ಹರಡಿಕೊಂಡು ಕೂತಿರುತ್ತಾರೆ. ಅವರನ್ನು ದಾಟಿಕೊಂಡು ಒಳಗೆ ಹೋಗಲು ನಮ್ಮ ಹೆಣ್ಣುಮಕ್ಕಳಿಗೆ ಸಂಕೋಚ. ಅದಕ್ಕೆ ನಾನೇ ನನ್ನ ಹೆಸರಿನಲ್ಲಿ ಪುಸ್ತಕ ತಂದು ಟ್ರಂಕಿನಲ್ಲಿ ಇಡಲು ಶುರುಮಾಡಿದೆ. ನಮ್ಮಲ್ಲಿ ಸರಾಗವಾಗಿ ಓದಬಲ್ಲವರು ಐದು ಜನ. ಆರು ಜನ ಸಹಿಯಷ್ಟೇ ಕಲಿತವರು. ಉಳಿದವರು ಬಸ್ಸಿನ ಬೋರ್ಡು ಓದುತ್ತಾರೆ. ಹಾಗಾಗಿ ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು ಎಂದಾಯಿತು.

ಮೊದಲ ಪ್ರಯತ್ನ ಕೆಟ್ಟಿತು. ಹೆಸರಾಂತ ಲೇಖಕರ ದಪ್ಪ ಕಾದಂಬರಿ ತಂದಿದ್ದೆ. ಎರಡು ವಾರ ಓದಿದರೂ ಕಥಾನಾಯಕ ಮನೆಯ ಜಗಲಿಯಿಂದ ಎದ್ದಿರಲಿಲ್ಲ. ಒಬ್ಬಳು ಗೊರಕೆ ಹೊಡೆದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆಮೇಲೆ ನೇಮಿಚಂದ್ರ ಅವರ 'ಪೆರುವಿನ ಪವಿತ್ರ ಕಣಿವೆಯಲ್ಲಿ' ತಂದೆ. ಇದು ಪ್ರವಾಸ ಕಥನ. ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಈ ಲೇಖಕಿ ಒಬ್ಬ ಗೆಳತಿಯನ್ನು ಜೊತೆ ಮಾಡಿಕೊಂಡು, ಗಂಡಸರ ಬೆಂಗಾವಲಿಲ್ಲದೆ, ಭೂಮಿಯ ಆಚೆ ಮಗ್ಗುಲಿನ ದೇಶಕ್ಕೆ ಹೋಗಿ ಇಂಕಾ ಜನರ ಊರುಗಳನ್ನು ನೋಡಿ ಬಂದು ಬರೆದದ್ದು. ಅದನ್ನು ಓದುವಾಗ ಯಾರೂ ನಿದ್ದೆ ಮಾಡಲಿಲ್ಲ. ಪ್ರಶ್ನೆಗಳೇ ಬೇರೆ. ದುಡ್ಡು ಯಾರು ಕೊಟ್ಟರು? ಗಂಡ ಏನೂ ಅನ್ನಲಿಲ್ಲವಾ? ರಾತ್ರಿ ಎಲ್ಲಿ ಮಲಗಿದರು? ಅಲ್ಲಿಯ ದೇವಸ್ಥಾನಗಳ ಬಗ್ಗೆ ಒಬ್ಬರೂ ಕೇಳಲಿಲ್ಲ. ಎರಡು ಹೆಣ್ಣುಗಳು ಹೋಗಿ ಕ್ಷೇಮವಾಗಿ ವಾಪಸ್ ಬಂದರು ಎನ್ನುವುದೇ ಅವರಿಗೆ ದೊಡ್ಡ ಕಥೆ. ಅದಾದ ಮೂರು ತಿಂಗಳಿಗೆ, ಶಕ್ತಿ ಯೋಜನೆಯ ಬಿಟ್ಟಿ ಟಿಕೆಟ್ಟಿನಲ್ಲಿ ನಾವು ಆರು ಜನ ಬೇಲೂರಿಗೆ ಹೋಗಿ ಬಂದೆವು. ಯಾರ ಗಂಡನೂ ಜೊತೆಗಿರಲಿಲ್ಲ. ಪೆರು ಅಲ್ಲ, ಬೇಲೂರು. ಆದರೂ ಹೋದೆವು.

ಈಗ ಬಾನು ಮುಷ್ತಾಕ್ ಅವರ ಕಥೆಗಳಿಗೆ ಬರುತ್ತೇನೆ. ಇವರು ಹಾಸನದವರು, ವಕೀಲರು, ಚಳವಳಿಯಲ್ಲಿದ್ದವರು. 1990ರಿಂದ 2023ರವರೆಗೆ ಬರೆದ ಕಥೆಗಳಲ್ಲಿ ಹನ್ನೆರಡನ್ನು ಮಡಿಕೇರಿಯ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. ಆ ಪುಸ್ತಕಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಹುಮಾನ ಬಂತು. ಕನ್ನಡಕ್ಕೆ ಅದು ಮೊದಲ ಸಲ, ಸಣ್ಣ ಕಥೆಗಳ ಸಂಕಲನಕ್ಕೂ ಮೊದಲ ಸಲ. ಬಹುಮಾನ ಬಂತೆಂದು ಓದಿದೆವು ಎಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಬಹುಮಾನ ಬರುವ ಮುಂಚೆ ಅವರ ಹೆಸರು ನಮ್ಮೂರಿಗೆ ತಲುಪಿರಲಿಲ್ಲ. ತಪ್ಪು ನಮ್ಮದೋ, ಪುಸ್ತಕ ತಲುಪಿಸಬೇಕಾದವರದೋ, ಆ ಮಾತು ಬೇರೆ.

'ಎದೆಯ ಹಣತೆ' ಎಂಬ ಕಥೆಯನ್ನು ನಾನೇ ಓದಿದೆ. ಮೆಹರುನ್ ಎಂಬ ಹೆಣ್ಣುಮಗಳು. ಗಂಡ ಬೇರೊಬ್ಬಳ ಸಹವಾಸ ಮಾಡಿದ್ದಾನೆ. ಅವಳು ಕೈಗೂಸು ಎತ್ತಿಕೊಂಡು ತವರಿಗೆ ಬರುತ್ತಾಳೆ. ತವರಲ್ಲಿ ಯಾರೂ ಅವಳನ್ನು ಹೊಡೆಯುವುದಿಲ್ಲ, ಬಾಗಿಲು ಹಾಕುವುದೂ ಇಲ್ಲ. ಮನೆತನದ ಮರ್ಯಾದೆಯ ಮಾತಾಡುತ್ತಾರೆ. ಅಣ್ಣಂದಿರು ಅವಳನ್ನು ವಾಪಸ್ ಗಂಡನ ಮನೆಗೆ ಕರೆತಂದು ಬಿಡುತ್ತಾರೆ. ಆ ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ಕಡ್ಡಿ ಗೀರುವ ಮುಂಚೆ ದೊಡ್ಡ ಮಗಳು ಕೂಸನ್ನು ಎತ್ತಿಕೊಂಡು ಬಂದು ತಡೆಯುತ್ತಾಳೆ.

ಅಣ್ಣಂದಿರು ವಾಪಸ್ ಕರೆತರುವ ಜಾಗಕ್ಕೆ ಬಂದಾಗ ನನ್ನ ದನಿ ನಿಂತಿತು. ಮುಂದಿನದನ್ನು ಇನ್ನೊಬ್ಬಳು ಓದಿದಳು. ಕಾರಣ ಏನೆಂದು ಆ ದಿನ ನಾನು ಹೇಳಲಿಲ್ಲ, ಎರಡು ವಾರ ಬಿಟ್ಟು ಹೇಳಿದೆ. ಇವತ್ತು ನಿಮ್ಮ ಮುಂದೆಯೂ ಹೇಳುತ್ತೇನೆ, ನನ್ನ ತಂಗಿಯ ಒಪ್ಪಿಗೆ ಕೇಳಿಯೇ ಬಂದಿದ್ದೇನೆ.

ನನ್ನ ತಂಗಿ ಮದುವೆಯಾದ ಎರಡನೆಯ ವರ್ಷ ದೀಪಾವಳಿ ಕಳೆದ ಮೇಲೆ ನನ್ನ ಮನೆಗೆ ಬಂದಳು. ಅಪ್ಪ ಅಮ್ಮ ಇರಲಿಲ್ಲ, ನನ್ನ ಮನೆಯೇ ಅವಳ ತವರು. ಒಪ್ಪಿದ್ದ ಒಡವೆಯಲ್ಲಿ ಎರಡು ತೊಲ ಬಾಕಿ ಇತ್ತು, ಅದಕ್ಕೇ ಗಲಾಟೆ. ನಾನು ಆಗ ಊರೂರಿನಲ್ಲಿ ತಾಯಂದಿರ ಸಭೆ ಮಾಡಿ, ವರದಕ್ಷಿಣೆ ಪಿಡುಗು ಎಂದು ಭಾಷಣ ಮಾಡುತ್ತಿದ್ದವಳು. ಆದರೆ ಒಂಬತ್ತು ದಿನವಾದಾಗ ನನಗೇ ಕಸಿವಿಸಿ. ನನ್ನ ಅತ್ತೆ ಏನೆಂದುಕೊಳ್ಳುತ್ತಾರೋ, ಓಣಿಯವರು ಏನೆನ್ನುತ್ತಾರೋ. "ನಿಮ್ಮ ಭಾವ ಬಂದು ಮಾತಾಡ್ತಾರೆ, ಈಗ ಹೋಗು ತಾಯಿ" ಎಂದೆ. ಬೆಳಗಿನ ಏಳೂಕಾಲರ ಬಸ್ಸಿಗೆ ನಾನೇ ಹತ್ತಿಸಿದೆ. ಬುತ್ತಿ ಕಟ್ಟಿ ಕೊಟ್ಟೆ, ಅರಿಶಿನ ಕುಂಕುಮ ಇಟ್ಟೆ. ಅವಳು ಒಂದು ಮಾತೂ ಆಡದೆ ಹತ್ತಿದಳು. ಇಪ್ಪತ್ತು ದಿನಕ್ಕೆ ಆಸ್ಪತ್ರೆಯಿಂದ ಸುದ್ದಿ ಬಂತು. ಬದುಕಿದ್ದಾಳೆ. ಆಮೇಲೆ ನನ್ನ ಹತ್ತಿರವೇ ಇದ್ದಳು, ಈಗ ಟೈಲರಿಂಗ್ ಮಾಡಿಕೊಂಡು ಸ್ವಂತ ಮನೆ ಮಾಡಿದ್ದಾಳೆ. ಎಡಗಿವಿ ಕೇಳುವುದಿಲ್ಲ. ಅವಳನ್ನು ಕರೆಯುವಾಗ ನಾನು ಬಲಗಡೆಗೆ ಹೋಗಿ ನಿಲ್ಲುತ್ತೇನೆ.

ಇದನ್ನು ನಾನು ಸಂಘದಲ್ಲಿ ಹೇಳಿದ ಶುಕ್ರವಾರ ಯಾರೂ ನನ್ನನ್ನು ಸಮಾಧಾನ ಮಾಡಲಿಲ್ಲ. ಒಬ್ಬಳು, "ನಾನೂ ನನ್ನ ಮಗಳನ್ನ ಎರಡು ಸಲ ಕಳಿಸಿದ್ದೀನಿ ಟೀಚರ್" ಎಂದಳು. ಇನ್ನೊಬ್ಬಳು, "ನನ್ನನ್ನ ಕಳಿಸಿದ್ದರು" ಎಂದಳು. ಹೀಗೆ ಸುತ್ತು ಹೋಯಿತು. ಇಪ್ಪತ್ತು ವರ್ಷದಿಂದ ಒಟ್ಟಿಗೆ ಹಣ ಕಟ್ಟಿದವರು ನಾವು, ಒಬ್ಬರ ಸಾಲಕ್ಕೆ ಒಬ್ಬರು ಜಾಮೀನು ನಿಂತವರು. ಇದನ್ನು ಮಾತ್ರ ಹೇಳಿಕೊಂಡಿರಲಿಲ್ಲ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಜನ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದಿದ್ದಾರೆ. ಹಿಂದಿನ ಸಮೀಕ್ಷೆಯಲ್ಲಿ ಇದು 21ರ ಆಸುಪಾಸು ಇತ್ತು. ಹೊಡೆತ ಹೆಚ್ಚಾಯಿತೋ, ಹೇಳುವವರು ಹೆಚ್ಚಾದರೋ, ಅಂಕಿಯಿಂದ ಮಾತ್ರ ತಿಳಿಯುವುದಿಲ್ಲ. ಅದೇ ಸಮೀಕ್ಷೆಯಲ್ಲಿ ಇಡೀ ದೇಶದ ಲೆಕ್ಕ ಇನ್ನೊಂದಿದೆ. ಹಿಂಸೆ ಅನುಭವಿಸಿದವರಲ್ಲಿ ನೂರಕ್ಕೆ 77 ಜನ ಸಹಾಯ ಕೇಳಿದ್ದೂ ಇಲ್ಲ, ಯಾರ ಹತ್ತಿರವೂ ಹೇಳಿಕೊಂಡದ್ದೂ ಇಲ್ಲ. ಆ 77ರಲ್ಲಿ ನಮ್ಮ ಸಂಘದವರು ಎಷ್ಟು ಜನ ಇದ್ದರೆಂದು ಆ ಶುಕ್ರವಾರ ಗೊತ್ತಾಯಿತು.

ಬಾನು ಅವರ ಆ ಪುಸ್ತಕದ ಕೊನೆಯ ಕಥೆಯ ಹೆಸರು 'ಒಮ್ಮೆ ಹೆಣ್ಣಾಗು ಪ್ರಭುವೇ'. ಹೆಸರು ಕೇಳಿದೊಡನೆ ನಮ್ಮ ಸಂಘದ ಹಿರಿಯಜ್ಜಿ "ಅವನು ಒಪ್ಪಲ್ಲ ಬಿಡು" ಎಂದರು.

ಮುಂದಿನ ಪುಸ್ತಕ ವಿವೇಕ ಶಾನಭಾಗರ 'ಘಾಚರ್ ಘೋಚರ್'. ಬರೆದವರು ಗಂಡಸು, ಆದರೆ ಹೆಂಗಸರೆಲ್ಲ ಓದಬೇಕಾದ ಪುಸ್ತಕ. ತೆಳ್ಳಗಿದೆ, ಮೂರು ಶುಕ್ರವಾರಕ್ಕೆ ಮುಗಿಯಿತು. ಬೆಂಗಳೂರಿನ ಒಂದು ಮನೆ. ಮೊದಲು ಬಡತನ, ಇರುವೆಗಳು ಮುತ್ತುವ ಸಣ್ಣ ಮನೆ. ಚಿಕ್ಕಪ್ಪ ಮಸಾಲೆ ಪುಡಿ ವ್ಯಾಪಾರ ಮಾಡಿ ಹಣ ತರುತ್ತಾನೆ, ಎಲ್ಲರೂ ಅವನ ಸುತ್ತ ತಿರುಗಲು ಶುರುಮಾಡುತ್ತಾರೆ. ಒಂದು ದಿನ ಯಾರೋ ಹೆಂಗಸು ಚಿಕ್ಕಪ್ಪನನ್ನು ಹುಡುಕಿಕೊಂಡು, ಅವನಿಗೆ ಇಷ್ಟವೆಂದು ಬೇಳೆ ಸಾರು ಡಬ್ಬಿಯಲ್ಲಿ ಹಾಕಿಕೊಂಡು ಬಾಗಿಲಿಗೆ ಬರುತ್ತಾಳೆ. ಅವನು ಒಳಗೇ ಕೂತಿರುತ್ತಾನೆ. ಹೊರಗೆ ಬಂದು ಅವಳನ್ನು ಬೈದು ಅಟ್ಟುವವರು ಮನೆಯ ಹೆಂಗಸರು. ಸಾರು ನೆಲದ ಪಾಲು. ಹೊಸ ಸೊಸೆ ಅನಿತಾ ಒಬ್ಬಳೇ, ಇದು ತಪ್ಪು ಎನ್ನುತ್ತಾಳೆ. ಅವಳಿಗೆ ಕೊನೆಗೆ ಏನಾಯಿತೆಂದು ಪುಸ್ತಕ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮವರಿಗೆ ಸಿಟ್ಟು ಬಂತು. "ಕೊಂದರೋ ಇಲ್ಲವೋ ಹೇಳಬೇಕಪ್ಪಾ!" ಎಂದರು. ಒಬ್ಬಳು ಮಾತ್ರ, "ಸ್ಟೋವ್ ಸಿಡಿದು ಸತ್ತಳು ಅಂತ ಪೇಪರಿನಲ್ಲಿ ಬಂದಾಗ ನಮಗೆ ಯಾರು ಹೇಳಿದ್ದರು?" ಎಂದಳು.

ಆ ಬೇಳೆ ಸಾರಿನ ಪ್ರಸಂಗದ ಮೇಲೆ ಜಗಳವೇ ಆಯಿತು. ದುಡಿದು ತರುವವನನ್ನು ಮನೆಯವರು ಕಾಪಾಡದೆ ಇನ್ನೇನು ಮಾಡುತ್ತಾರೆ ಎಂದು ಒಂದು ಪಕ್ಷ. ಆಗ ನಮ್ಮ ಲೆಕ್ಕ ಬರೆಯುವ ಹುಡುಗಿ ಮೆಲ್ಲಗೆ ಸಾಲದ ರಿಜಿಸ್ಟರ್ ತೆಗೆದಳು. "ಇದರಲ್ಲಿ ಹಸು ಕೊಳ್ಳಲು ಅಂತ ಏಳು ಸಾಲ ಇದೆ ಟೀಚರ್. ಊರಲ್ಲಿ ಹಸು ಬಂದಿದ್ದು ಮೂರು" ಎಂದಳು.

ಅಕ್ಕತಂಗಿಯರೇ, ಇಲ್ಲಿ ಕೂತಿರುವ ಎಷ್ಟು ಸಂಘಗಳ ರಿಜಿಸ್ಟರಿನಲ್ಲಿ ಇಂಥ ಹಸುಗಳಿವೆ? ಉಳಿದ ನಾಲ್ಕೂ ಮದುವೆಗೆ ಹೋದ ಹಣ. ಮದುವೆಗೆ ಎಂದರೂ ಪೂರ್ತಿ ನಿಜವಲ್ಲ, ಹುಡುಗನ ಬೈಕಿಗೆ, ಉಂಗುರಕ್ಕೆ, ಕೈಗೆ ಕೊಟ್ಟ ಗಂಟಿಗೆ. ನಾಲ್ಕರಲ್ಲೂ ನನ್ನ ಸಹಿ ಇದೆ, ಹಸು ಇಲ್ಲವೆಂದು ನನಗೆ ಗೊತ್ತಿತ್ತು. ವರದಕ್ಷಿಣೆ ತೆಗೆದುಕೊಳ್ಳುವವರನ್ನು ಬೈಯುತ್ತ, ಕೊಡುವುದಕ್ಕೆ ಸಾಲ ಮಂಜೂರು ಮಾಡಿದ ಸಂಘ ನಮ್ಮದು. ಈ ಮಾತಿಗೆ ಆಮೇಲೆ ಬರುತ್ತೇನೆ.

ನಡುವೆ ಇನ್ನೆರಡು ಮೂರು ಪುಸ್ತಕ. ಬೇಬಿ ಹಾಲ್ದಾರ್ ಎಂಬ ಬಂಗಾಳದ ಹೆಣ್ಣುಮಗಳ ಆತ್ಮಕಥೆ 'ಆಲೋ ಆಂಧಾರಿ', ಎಂದರೆ ಬೆಳಕು ಕತ್ತಲೆ. ಹನ್ನೆರಡರ ವಯಸ್ಸಿಗೆ ಮದುವೆ, ಗಂಡನಿಗೆ ಅವಳ ಎರಡರಷ್ಟು ವಯಸ್ಸು. ಪರಪುರುಷನ ಜೊತೆ ಮಾತಾಡಿದಳೆಂದು ಕಲ್ಲಿನಿಂದ ತಲೆ ಒಡೆಯುತ್ತಾನೆ. ಇಪ್ಪತ್ತೈದಕ್ಕೆ ಮೂರು ಮಕ್ಕಳನ್ನು ಕರೆದುಕೊಂಡು ದೆಹಲಿ ರೈಲು ಹತ್ತುತ್ತಾಳೆ. ಮನೆಗೆಲಸಕ್ಕೆ ಸೇರಿದ ಕೊನೆಯ ಮನೆ ಪ್ರಬೋಧ್ ಕುಮಾರ್ ಎಂಬ ನಿವೃತ್ತ ಪ್ರಾಧ್ಯಾಪಕರದು, ಅವರು ಪ್ರೇಮಚಂದರ ಮೊಮ್ಮಗ. ಪುಸ್ತಕದ ಕಪಾಟು ಒರೆಸುವಾಗ ಅವಳು ನಿಂತು ನಿಂತು ನೋಡುವುದನ್ನು ಗಮನಿಸಿ, ಮೊದಲು ತಸ್ಲೀಮಾ ನಸ್ರೀನರ ಪುಸ್ತಕ ಓದಲು ಕೊಟ್ಟರು, ಆಮೇಲೆ ನೋಟುಬುಕ್ಕು, ಪೆನ್ನು. ಕೆಲಸ ಮುಗಿದ ಮೇಲೆ, ಮಕ್ಕಳು ಮಲಗಿದ ಮೇಲೆ ಬರೆದಳು. ಅದನ್ನು ಅವರೇ ಹಿಂದಿಗೆ ತಂದರು, 2002ರಲ್ಲಿ ಅಚ್ಚಾಯಿತು. 2006ರಲ್ಲಿ ಊರ್ವಶಿ ಬುಟಾಲಿಯಾ ಇಂಗ್ಲಿಷಿಗೆ ತಂದರು. ನನ್ನ ಮಗಳು ಇಂಗ್ಲಿಷಿನಲ್ಲಿ ಓದಿಕೊಂಡು ನಮಗೆ ಕನ್ನಡದಲ್ಲಿ ಹೇಳಿದಳು.

ಇದನ್ನು ಕೇಳಿದ ಮೇಲೆ ಊದುಬತ್ತಿ ಹೊಸೆಯುವ ನಮ್ಮ ಸದಸ್ಯೆಯೊಬ್ಬಳು ಒಂದು ನೋಟುಬುಕ್ಕು ಕೇಳಿದಳು. ಕಥೆ ಬರೆಯುತ್ತಾಳೇನೋ ಎಂದುಕೊಂಡೆ. ಅವಳು ಬರೆದದ್ದು ತಾರೀಖು. ಯಾವ ದಿನ, ಎಷ್ಟು ಹೊತ್ತಿಗೆ, ಯಾವುದರಿಂದ ಹೊಡೆದ, ಯಾರು ನೋಡಿದರು. ಕಾಗುಣಿತ ತಪ್ಪಿದೆ, ಕೆಲವು ಕಡೆ ಚಿತ್ರ ಬರೆದಿದ್ದಾಳೆ, ಸೌದೆಯ ಚಿತ್ರ. ಐದು ತಿಂಗಳಿಗೆ ಹನ್ನೊಂದು ಪುಟ. ಅದನ್ನು ಹಿಟ್ಟಿನ ಡಬ್ಬದಲ್ಲಿ ಇಟ್ಟಿದ್ದಳು, ಅಲ್ಲಿ ಗಂಡ ಕೈ ಹಾಕುವುದಿಲ್ಲವೆಂದು. ಕೊನೆಗೆ ನಾವು ಅವಳನ್ನು ಸಂರಕ್ಷಣಾಧಿಕಾರಿಯ ಹತ್ತಿರ ಕರೆದುಕೊಂಡು ಹೋದಾಗ, ಘಟನಾ ವರದಿ ಬರೆಯಲು ಆ ಪುಟಗಳೇ ಆಧಾರವಾದವು. ನೆನಪಿಡಿ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಗಂಡನ ಮನೆಯಲ್ಲೇ ಇರುವ ಹಕ್ಕನ್ನೂ ಕೇಳಬಹುದು. ಹೊರಗೆ ಹೋಗಬೇಕಾದವಳು ಹೆಣ್ಣೇ ಎಂದಿಲ್ಲ. 181ಕ್ಕೆ ಫೋನ್ ಮಾಡಬಹುದು. ವಕೀಲರ ಫೀಜಿಗೆ ಹೆದರಬೇಡಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಉಚಿತ ವಕೀಲರು ಸಿಗುತ್ತಾರೆ, ಆದಾಯದ ಸರ್ಟಿಫಿಕೇಟು ಕೇಳುವ ಹಾಗಿಲ್ಲ.

ಓದಿದವರ ಮನೆಯಲ್ಲಿ ಇವೆಲ್ಲ ಇರುವುದಿಲ್ಲ ಎಂದು ನಮ್ಮವರಿಗೆ ಒಂದು ನಂಬಿಕೆ. ಅದನ್ನು ಮೀನಾ ಕಂದಸಾಮಿಯವರ ಇಂಗ್ಲಿಷ್ ಕಾದಂಬರಿ ಒಡೆಯಿತು. 2017ರದು, ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ 'ನಾನು ನಿನಗೆ ಹೊಡೆದಾಗ'. ನಡೆಯುವುದು ನಮ್ಮ ಮಂಗಳೂರಿನಲ್ಲಿ. ಹೆಂಡತಿ ಬರಹಗಾರ್ತಿ, ಗಂಡ ಕಾಲೇಜು ಮೇಷ್ಟ್ರು, ಬಡವರ ಪರ ಕ್ರಾಂತಿಯ ಮಾತಾಡುವವನು. ಮೊದಲು ಅವಳ ಫೇಸ್‌ಬುಕ್ ಬಿಡಿಸುತ್ತಾನೆ. ಬಿಡದಿದ್ದರೆ ಬೆಂಕಿಕಡ್ಡಿಯಿಂದ ತನ್ನ ಮೈಯನ್ನೇ ಸುಟ್ಟುಕೊಂಡು ಹೆದರಿಸುತ್ತಾನೆ. ಆಮೇಲೆ ಅವಳಿಗೆ ಬಂದ ಪತ್ರಗಳನ್ನು ಅಳಿಸುತ್ತಾನೆ, ಫೋನು ಕಾಯುತ್ತಾನೆ, ಹೊಡೆಯುತ್ತಾನೆ. ತಂದೆತಾಯಿ ದೂರದಿಂದ ಹೊಂದಿಕೊಂಡು ಹೋಗು ಎನ್ನುತ್ತಾರೆ. ಪುಸ್ತಕ ಶುರುವಾಗುವ ಬಗೆ ನಮ್ಮವರಿಗೆ ಬಹಳ ಹಿಡಿಸಿತು. ಮಗಳು ತಪ್ಪಿಸಿಕೊಂಡು ಬಂದು ವರ್ಷಗಳಾದರೂ ತಾಯಿ ಕಂಡಕಂಡವರಿಗೆ ಹೇಳುವ ಕಥೆ ಒಂದೇ: ಮಗಳ ಪಾದ ಹೇಗೆ ಒಡೆದಿತ್ತು, ತಲೆಯಲ್ಲಿ ಎಷ್ಟು ಹೇನಿತ್ತು, ತಾನು ಹೇಗೆ ತೆಗೆದೆ. ಹೊಡೆತದ ಮಾತು ಬರುವುದೇ ಇಲ್ಲ. "ನಮ್ಮಮ್ಮನೂ ಹಂಗೇ, ನಾನು ಸೊರಗಿದ್ದೆ ಅಂತ ಮಾತ್ರ ಹೇಳ್ತಾಳೆ" ಎಂದಳು ಒಬ್ಬಳು. ನನ್ನ ಕಥೆಯನ್ನು ನಾನೇ ಹೇಳಬೇಕು ಎಂದು ಆ ಹೆಣ್ಣು ಬರೆಯಲು ಕೂತದ್ದು ಇದಕ್ಕೇ.

ಕೊರಿಯಾ ದೇಶದ ಹಾನ್ ಕಾಂಗ್ ಅವರಿಗೆ 2024ರಲ್ಲಿ ನೊಬೆಲ್ ಬಂತಲ್ಲ, ಅವರ ಕಾದಂಬರಿಯ ಕಥೆಯನ್ನೂ ಮಗಳು ಹೇಳಿದಳು. ಒಬ್ಬಳು ಗೃಹಿಣಿ ಮಾಂಸ ತಿನ್ನುವುದಿಲ್ಲ ಎನ್ನುತ್ತಾಳೆ, ಅಷ್ಟಕ್ಕೇ ಮನೆ ಅಲ್ಲೋಲಕಲ್ಲೋಲ. ನಮ್ಮವರು ಬಿದ್ದುಬಿದ್ದು ನಕ್ಕರು, "ನಮ್ಮೂರಲ್ಲಿ ಸೋಮವಾರ ಶನಿವಾರ ಯಾರು ತಿಂತಾರೆ?" ಎಂದು. ಊಟದ ಮೇಜಿನ ಮುಂದೆ ಅಪ್ಪ ಅವಳ ಕೆನ್ನೆಗೆ ಬಾರಿಸಿ ಬಾಯಿಗೆ ಮಾಂಸ ತುರುಕುವಲ್ಲಿ ನಗು ನಿಂತಿತು. ಮುಂದಿನ ಭಾಗ ನನಗೆ ಸರಿಯಾಗಿ ದಕ್ಕಲಿಲ್ಲ, ಅಲ್ಲಿಗೇ ಬಿಟ್ಟೆವು.

ಕಥೆಯಲ್ಲದ ಒಂದು ಪುಸ್ತಕ ನಮಗೆ ಪಂಚಾಯಿತಿಯಲ್ಲಿ ಉಪಯೋಗಕ್ಕೆ ಬಂತು. ಇಂಗ್ಲೆಂಡಿನ ಕ್ಯಾರೊಲಿನ್ ಕ್ರಿಯಾಡೊ ಪೆರೆಜ್ 2019ರಲ್ಲಿ ಬರೆದದ್ದು, ಲೆಕ್ಕಕ್ಕೇ ಸಿಗದ ಹೆಂಗಸರ ಬಗ್ಗೆ. ಸ್ವೀಡನ್ನಿನ ಕಾರ್ಲ್‌ಸ್ಕೂಗ ಎಂಬ ಊರಲ್ಲಿ ಹಿಮ ಬಿದ್ದಾಗ ಮೊದಲು ಕಾರು ಓಡಾಡುವ ದೊಡ್ಡ ರಸ್ತೆ ಬಳಿದು, ಆಮೇಲೆ ಕಾಲುದಾರಿ ಬಳಿಯುತ್ತಿದ್ದರಂತೆ. ಕಾರಲ್ಲಿ ಹೋಗುವವರು ಹೆಚ್ಚಾಗಿ ಗಂಡಸರು, ಮಕ್ಕಳನ್ನು ಕರೆದುಕೊಂಡು ನಡೆಯುವವರು ಹೆಂಗಸರು. ಜಾರಿ ಬಿದ್ದು ಆಸ್ಪತ್ರೆ ಸೇರುವವರೂ ನಡೆಯುವವರೇ. ಕ್ರಮ ತಿರುಗಿಸಿ ಕಾಲುದಾರಿ ಮೊದಲು ಎಂದರು, ಖರ್ಚು ಹೆಚ್ಚಾಗಲಿಲ್ಲ. ನಾವು ಇದನ್ನು ಗ್ರಾಮಸಭೆಯಲ್ಲಿ ಹೇಳಿ, ಬಸ್‌ಸ್ಟಾಪಿನಿಂದ ಕಾಲೋನಿಗೆ ಹೋಗುವ ದಾರಿಗೆ ದೀಪ ಕೇಳಿದೆವು. ಒಬ್ಬ ಸದಸ್ಯರು "ಇಲ್ಲಿ ಹಿಮ ಎಲ್ಲಿ ಬೀಳುತ್ತಮ್ಮಾ" ಎಂದರು. ಎರಡು ದೀಪ ಹಾಕಿದ್ದಾರೆ. ಮೂರನೆಯದಕ್ಕೆ ಕೇಳುತ್ತಲೇ ಇದ್ದೇವೆ.

ಈಗ ಹಸುಗಳ ಮಾತು.

ಆ ರಿಜಿಸ್ಟರ್ ತೆಗೆದ ಮೇಲೆ, ವರದಕ್ಷಿಣೆಗೆ ಸಾಲ ಕೊಡುವುದಿಲ್ಲ ಎಂದು ನಡಾವಳಿಯಲ್ಲಿ ಬರೆಯೋಣವೆಂದು ನಾನು ಹೇಳಿದೆ. 1961ರ ಕಾಯ್ದೆಯಲ್ಲಿ ತೆಗೆದುಕೊಳ್ಳುವುದರ ಜೊತೆ ಕೊಡುವುದೂ ಅಪರಾಧ, ಐದು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆ ಎಂದು ಓದಿ ಹೇಳಿದೆ. ಕೂಡಲೇ ಒಬ್ಬಳು, "ಹಂಗಾದರೆ ನನ್ನ ಮಗಳಿಗೆ ಹೊಡೆದರೂ ದೂರು ಕೊಡೋ ಹಂಗಿಲ್ಲ, ಕೊಟ್ಟವಳು ನಾನೇ ಅಲ್ಲವಾ?" ಎಂದಳು. ಈ ಹೆದರಿಕೆ ತಪ್ಪು. ನೊಂದವರು ಕೊಟ್ಟ ಹೇಳಿಕೆಯ ಮೇಲೆ ಅವರ ಮೇಲೆಯೇ ಮೊಕದ್ದಮೆ ಹೂಡುವ ಹಾಗಿಲ್ಲವೆಂದು ಅದೇ ಕಾಯ್ದೆಯ 7ನೆಯ ಕಲಮಿನಲ್ಲಿದೆ. ಇದನ್ನು ನಿಮ್ಮ ನಿಮ್ಮ ಸಂಘದಲ್ಲಿ ಹೇಳಿ.

ಆದರೆ ಇನ್ನೊಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. "ನೀವು ಕೊಡದಿದ್ದರೆ ನಾನು ಫೈನಾನ್ಸಿನವರ ಹತ್ತಿರ ಹೋಗ್ತೀನಿ. ಅವರು ವಾರವಾರ ಬಾಗಿಲಿಗೆ ಬಂದು ನಿಂತರೆ ನೇಣು ಹಾಕ್ಕೋಬೇಕು. ಮದುವೆ ಅಂತೂ ನಿಲ್ಲಲ್ಲ. ಆಗ ನಿಮ್ಮ ಪುಸ್ತಕ ಬರ್ತವಾ ಟೀಚರ್?" ಎಂದಳು ಅದೇ ಅಕ್ಕ. ಹೆಸರು ಬೇಡ. ಮೂವತ್ತು ವರ್ಷದ ಗೆಳತಿ, ನನ್ನ ಹೆರಿಗೆಯಲ್ಲಿ ಬಾಣಂತನಕ್ಕೆ ನಿಂತವಳು. ಅವಳ ಅರ್ಜಿ ಈಗ ಟ್ರಂಕಿನಲ್ಲಿದೆ, 'ಹಸು ಕೊಳ್ಳಲು' ಎಂದೇ ಬರೆದಿದೆ. ಹುಡುಗನಿಗೆ ಸರ್ಕಾರಿ ಕೆಲಸವಂತೆ.

ನಿರ್ಣಯಕ್ಕೆ ಕೈ ಎತ್ತಿಸಿದಾಗ ಏಳಕ್ಕೆ ಏಳು ಬಂತು. ಮುಂದಿನ ಸಭೆಗೆ ಹಾಕಿದ್ದೇವೆ. ನಾನು ಆ ಅರ್ಜಿಗೆ ಸಹಿ ಹಾಕುವುದಿಲ್ಲವೆಂದು ಅವಳ ಮನೆಗೇ ಹೋಗಿ ಹೇಳಿದೆ. ಹುಡುಗಿ ನರ್ಸಿಂಗ್ ಓದುತ್ತೇನೆ ಎನ್ನುತ್ತಿದ್ದಾಳೆ, ಫೀಜಿಗೆ ಬೇಕಾದರೆ ಅಷ್ಟೇ ಸಾಲಕ್ಕೆ ಜಾಮೀನು ನಿಲ್ಲುತ್ತೇನೆ ಎಂದೂ ಹೇಳಿದೆ. ಅವಳು ಕುಡಿಯಲು ಕೊಟ್ಟ ಕಾಫಿ ಲೋಟ ಒಳಗೆ ತೆಗೆದುಕೊಂಡು ಹೋದಳು, ಹೊರಗೆ ಬರಲಿಲ್ಲ. ಆಮೇಲೆ ನನ್ನ ಜೊತೆ ಮಾತಿಲ್ಲ.

ಕಳೆದ ಶುಕ್ರವಾರ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಶುರುಮಾಡಿದೆವು. ತೀರ ಈಚಿನದಲ್ಲ, 1980ರ ದಶಕದ್ದು, ಆದರೂ ನಮ್ಮ ಟ್ರಂಕಿಗೆ ಹೊಸದು. ಅಪ್ಪನ ಹಟಕ್ಕೆ ಮಗಳು ನಾದಿರಾಳ ಸಂಸಾರ ಒಡೆಯುವ ಕಥೆ. ಅವಳು ಉಳಿತಾಯ ಕಟ್ಟಿ ಹೋಗಿಬಿಡುತ್ತಾಳೆ ಎಂದುಕೊಂಡಿದ್ದೆ. ಹೋಗಲಿಲ್ಲ. ಹೊಸಿಲ ಹತ್ತಿರ, ಚಪ್ಪಲಿ ಬಿಡುವ ಜಾಗದಲ್ಲಿ ಕೂತಿದ್ದಳು. ಓದುವವಳ ದನಿ ಸಣ್ಣದಾದಾಗ, "ಸ್ವಲ್ಪ ಗಟ್ಟಿಯಾಗಿ ಓದವ್ವಾ" ಎಂದಳು. ಪಕ್ಕದಲ್ಲಿ ಅವಳ ಮಗಳೂ ಇದ್ದಳು.

ನಾಳಿದ್ದು ಶುಕ್ರವಾರ ಸಭೆ. ಸಂಜೆ ಆರಕ್ಕೆ.